ಪೈಪು ಖಾಲಿ ಮಾಡುವ ದಿನ

ಹಸಿಂತಾ ಬೆಳಗಿನಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ.

ಮನೆಯಲ್ಲಿ ಕಾಫಿ ಕುದಿಸಿದ್ದಳು. ಮಗಳಿಗೆ ಬಗ್ಗಿಸಿ ಕೊಟ್ಟಳು, ತಾನು ಮುಟ್ಟಲಿಲ್ಲ. ತುಟಿ ಒಣಗಿದಾಗ ನಾಲಿಗೆಯಿಂದ ಸವರಿಕೊಂಡಳು. ಕೆಲಸದ ದಿನ ಅವಳು ಕುಡಿಯುವುದಿಲ್ಲ. ಕುಡಿದರೆ ಹೋಗಬೇಕಾಗುತ್ತದೆ. ಹೋಗಲು ಜಾಗವಿಲ್ಲ. ವಿಷಯ ಇಷ್ಟೇ. ಇದರಲ್ಲಿ ತಲೆ ಕೆರೆದುಕೊಳ್ಳುವಂಥದ್ದು ಏನೂ ಇಲ್ಲ.

ಮಿನಿಯಾಪೊಲಿಸ್ ನಗರದ ಹೊರಗೆ, ಹೆದ್ದಾರಿಯ ಪಕ್ಕ, ಮೂರು ಗಾಜಿನ ಕಟ್ಟಡಗಳು. ತುಂಬ ಕಚೇರಿಗಳು. ಒಳಗೆ ಎಷ್ಟು ಶೌಚಾಲಯಗಳಿವೆಯೋ ದೇವರೇ ಬಲ್ಲ. ಹೊರಗೆ ಹುಲ್ಲು, ಹೂವಿನ ಪಾತಿ, ಸಾಲು ಮರ, ಕಾರು ನಿಲ್ಲಿಸುವ ಬಯಲು. ಆ ಹೊರಗು ಇವರ ಪಾಲಿನದು. ಹಸಿಂತಾ, ಮುದುಕ ಚೆಮಾ, ಗಟ್ಟಿ ರಟ್ಟೆಯ ವಿಲ್ಮರ್, ಮೂವರ ಮೇಲೆ ಮೇಸ್ತ್ರಿ ಎಫ್ರಾಯಿನ್. ನಾಲ್ವರೂ ಗ್ವಾಟೆಮಾಲಾದ ಒಂದೇ ಗುಡ್ಡದ ಊರುಗಳವರು. ಒಳಗಿನವರು ಇವರನ್ನು ನೋಡುತ್ತಿರಲಿಲ್ಲ. ಇವರು ಮಾಡಿದ ಹೂವನ್ನು ನೋಡುತ್ತಿದ್ದರು.

ಬೇಸಿಗೆಯಲ್ಲಿ ಕಸದ ತೊಟ್ಟಿಗಳ ಹಿಂದೆ ಒಂದು ನೀಲಿ ಪ್ಲಾಸ್ಟಿಕ್ ಪಾಯಿಖಾನೆ ನಿಲ್ಲಿಸಿದ್ದರು. ನಾರುತ್ತಿತ್ತು, ಒಳಗೆ ಹೋದರೆ ಕಣ್ಣು ಉರಿಯುತ್ತಿತ್ತು. ಆದರೂ ಬಾಗಿಲಿತ್ತು, ಚಿಲಕವಿತ್ತು. ಸೆಪ್ಟೆಂಬರಿನಲ್ಲಿ ಮೇಪಲ್ ಮರಗಳು ಕೆಂಪಾಗುತ್ತಿದ್ದಂತೆ ಕಟ್ಟಡಗಳ ವ್ಯವಸ್ಥಾಪಕಿ ಶೆರಿಲ್ ಅದನ್ನು ಎತ್ತಿಸಿಬಿಟ್ಟಳು. ಹೊಸ ಬಾಡಿಗೆದಾರರಿಗೆ ತೋರಿಸಲು ಫೋಟೋ ತೆಗೆಸಬೇಕಿತ್ತಂತೆ. ಕೆಂಪು ಮರದ ಹಿಂದೆ ನೀಲಿ ಡಬ್ಬ ಕಾಣಬಾರದಂತೆ. ಫೋಟೋ ತೆಗೆದಾಯಿತು, ಮರದ ಎಲೆಯೂ ಉದುರತೊಡಗಿತು. ಡಬ್ಬ ವಾಪಸ್ಸು ಬರಲಿಲ್ಲ.

ಶೌಚಾಲಯವಿದ್ದ ಪೆಟ್ರೋಲ್ ಬಂಕ್ ಹೆದ್ದಾರಿಯ ಆಚೆ ಬದಿಯಲ್ಲಿ. ಮಧ್ಯಾಹ್ನ ಊಟದ ಹೊತ್ತಿಗೆ ಎಫ್ರಾಯಿನ್ ಟ್ರಕ್ಕಿನಲ್ಲಿ ಒಂದು ಸಲ ಕರೆದುಕೊಂಡು ಹೋಗುತ್ತಿದ್ದ. ಕೆಲಸ ಜಾಸ್ತಿಯಿದ್ದ ದಿನ ಅದೂ ಇಲ್ಲ. ಗಂಡಸರು ಬೇಲಿಯ ಹಿಂದೆ ತಿರುಗಿ ನಿಲ್ಲುತ್ತಿದ್ದರು, ಇಲ್ಲವೇ ಟ್ರಕ್ಕಿನೊಳಗೆ ಬಾಟಲಿ ಹಿಡಿಯುತ್ತಿದ್ದರು. ಹಸಿಂತಾ ಏನು ಹಿಡಿಯಬೇಕು? ತಡೆದು ಹಿಡಿದಳು. ಹಿಡಿದು ಹಿಡಿದು ಒಂದು ದಿನ ಜ್ವರ ಬಂತು, ಮೂತ್ರದಲ್ಲಿ ರಕ್ತ ಕಂಡಿತು. ಧರ್ಮಾಸ್ಪತ್ರೆಯ ಡಾಕ್ಟರಮ್ಮ ಮಾತ್ರೆ ಕೊಟ್ಟು, "ನೀರು ಚೆನ್ನಾಗಿ ಕುಡೀಬೇಕು. ಬಂದಾಗ ತಡೀಬಾರದು, ಗೊತ್ತಾಯ್ತಾ?" ಎಂದಳು. ಹಸಿಂತಾ ತಲೆಯಾಡಿಸಿ ಬಂದಳು. ಇನ್ನೇನು ಮಾಡುತ್ತಾಳೆ?

ಅಕ್ಟೋಬರಿನ ಆ ದಿನಗಳಲ್ಲಿ ಉಸಿರಾಡಲು ಪುರುಸೊತ್ತಿರಲಿಲ್ಲ. ಚಳಿ ಕಚ್ಚುವ ಮುಂಚೆ ಎಲ್ಲ ಆಗಬೇಕು. ಬೇಸಿಗೆಯ ಹೂಗಿಡಗಳನ್ನು ಬೇರುಸಹಿತ ಕಿತ್ತರು. ಇನ್ನೂ ಮೊಗ್ಗು ಬಿಡುತ್ತಿದ್ದವು, ಆದರೂ ಕಿತ್ತು ಗಾಡಿಗೆ ಎಸೆದರು. ಆ ಜಾಗದಲ್ಲಿ ಅಲಂಕಾರದ ಎಲೆಕೋಸು ನೆಟ್ಟರು. ನೇರಳೆ ಬಣ್ಣದ್ದು, ನೋಡಲಿಕ್ಕೆ ಮಾತ್ರ. ಗಾಳಿ ಊದುವ ಯಂತ್ರ ಬೆನ್ನಿಗೇರಿಸಿಕೊಂಡು ಎಲೆ ಒಟ್ಟಿದರು. ಒಟ್ಟಿದ ಬೆನ್ನಿಗೇ ಮತ್ತೆ ಉದುರಿತು, ಮತ್ತೆ ಒಟ್ಟಿದರು. ಹಿಮ ತಳ್ಳುವ ಲಾರಿಗಳಿಗೆ ದಾರಿಯ ಅಂಚು ಗೊತ್ತಾಗಲೆಂದು ಉದ್ದಕ್ಕೂ ಕಿತ್ತಳೆ ಬಣ್ಣದ ಗೂಟ ಹೊಡೆದರು. ನೆಲ ಗಟ್ಟಿಯಾಗುತ್ತಿತ್ತು. ಸುತ್ತಿಗೆಯ ಒಂದೊಂದು ಏಟೂ ಹಸಿಂತಾಳ ಕಿಬ್ಬೊಟ್ಟೆಗೆ ಬಂದು ಬಡಿಯುತ್ತಿತ್ತು.

ಬಾಗಿಲುಗಳ ಅಕ್ಕಪಕ್ಕದ ಎಳೆ ಗಿಡಗಳಿಗೆ ಗೋಣಿತಾಟು ಸುತ್ತಿ ಹೊಲಿದರು. ಚಳಿಗಾಳಿಗೆ, ದಾರಿಗೆ ಎರಚುವ ಉಪ್ಪಿಗೆ ಅವುಗಳ ಎಲೆ ಸುಡಬಾರದು ನೋಡಿ.

"ಭಾಗ್ಯ ಅಂದ್ರೆ ಇದು ಮಗಳೇ," ಎಂದ ಚೆಮಾ, ದಾರ ಎಳೆಯುತ್ತ. "ಕೋಟಾಯ್ತು, ಸೊಂಟಕ್ಕೆ ಪಟ್ಟಿ ಆಯ್ತು. ಒಂದು ಟೋಪಿ ಬಾಕಿ. ದೇವರು ನನ್ನ ಕೇಳಿದ್ದಿದ್ರೆ ನಾನೂ ಈ ಗಿಡಾನೇ ಆಗ್ತೀನಿ ಅಂತಿದ್ದೆ."

"ನಿಮಗೆ ಒಂದು ಗೋಣಿ ಸಾಲಲ್ಲ ಚೆಮಾ ತಾತ," ಎಂದಳು ಹಸಿಂತಾ. "ಹೊಟ್ಟೆ ಹೊರಗೇ ಉಳಿಯುತ್ತೆ."

ವಿಲ್ಮರ್ ನಕ್ಕ. ಹಸಿಂತಾಳೂ ನಕ್ಕಳು. ನಕ್ಕಿದ್ದು ತಪ್ಪಾಯಿತು. ಕೆಳಗೆ ಬಿಗಿಹಿಡಿದದ್ದು ಸಡಿಲಿತು. ಇನ್ನು ತಡೆಯಲು ಆಗಲೇ ಇಲ್ಲ. ಕೈಯಲ್ಲಿದ್ದ ಗೋಣಿತಾಟಿನ ತುಂಡನ್ನೇ ಹಿಡಿದುಕೊಂಡು ಮೂರನೇ ಕಟ್ಟಡದ ಹಿಂದಕ್ಕೆ ಓಡಿದಳು. ಎರಡು ಪೊದೆಗಳ ನಡುವೆ ಅದನ್ನು ಕಟ್ಟಿ, ಅದರ ಹಿಂದೆ ಕೂತಳು. ಮುಂದೆ ಮರೆಯಿತ್ತು, ಪಕ್ಕದಲ್ಲಿ ಮರೆಯಿತ್ತು. ತಲೆಯ ಮೇಲೆ ಇರಲಿಲ್ಲ. ಮೇಲೆ ನೋಡಬೇಕೆಂದು ಅವಳಿಗೆ ಹೊಳೆಯಲೂ ಇಲ್ಲ. ಹಗಲಲ್ಲಿ ಆ ಕಿಟಕಿಗಳು ಹೊರಗಿನಿಂದ ಬರೀ ಕಪ್ಪು.

ಅದು ನಡೆದದ್ದು ಶುಕ್ರವಾರ. ಸೋಮವಾರ ಪೈಪು ಖಾಲಿ ಮಾಡುವ ದಿನ.

ಹುಲ್ಲಿನ ಅಡಿಯಲ್ಲಿ, ಮೂರೂ ಕಟ್ಟಡಗಳ ಸುತ್ತ, ಸ್ಪ್ರಿಂಕ್ಲರಿನ ಪೈಪುಗಳು ಓಡಾಡಿವೆ. ಬೇಸಿಗೆಯಲ್ಲಿ ಅವು ನೀರು ಚಿಮ್ಮಿಸುತ್ತವೆ. ಚಳಿಗಾಲ ಬಂದರೆ ಒಳಗೆ ಉಳಿದ ನೀರು ಮಂಜುಗಡ್ಡೆಯಾಗಿ ಉಬ್ಬಿ ಪೈಪನ್ನೇ ಸೀಳುತ್ತದೆ. ಅದಕ್ಕೇ ಕಂಪ್ರೆಸರ್ ತಂದು, ಗಾಳಿ ನುಗ್ಗಿಸಿ, ಒಂದೊಂದೇ ಸಾಲಿನ ನೀರನ್ನು ಹೊರಗೆ ಉಗುಳಿಸಬೇಕು. ಹಿಂದೊಂದು ವರ್ಷ ಇದಕ್ಕೆ ತಡವಾಗಿ, ಗೋಡೆಯೊಳಗಿನ ಹಿತ್ತಾಳೆಯ ದೊಡ್ಡ ವಾಲ್ವ್ ಒಡೆದು, ಕೆಳಮಹಡಿಯ ಕಚೇರಿಗಳಿಗೆಲ್ಲ ನೀರು ನುಗ್ಗಿತ್ತು. ಆಗಿನ ವ್ಯವಸ್ಥಾಪಕನ ಕೆಲಸ ಹೋಯಿತು. ಆ ಕುರ್ಚಿಗೆ ಬಂದವಳೇ ಶೆರಿಲ್. ಸೋಮವಾರ ರಾತ್ರಿ ವರ್ಷದ ಮೊದಲ ಗಟ್ಟಿ ಚಳಿ ಬೀಳುತ್ತದೆಂದು ರೇಡಿಯೋದಲ್ಲಿ ಹೇಳುತ್ತಿದ್ದರು.

ಆ ಸೋಮವಾರ ಬೆಳಿಗ್ಗೆ ಟ್ರಕ್ಕಿನಲ್ಲಿ ಎಫ್ರಾಯಿನ್ ಮಾತಾಡಲಿಲ್ಲ. ಹಸಿಂತಾ ಅವನ ಮುಖ ನೋಡಿದಳು. ಅವನು ರಸ್ತೆ ನೋಡಿದ. ಇಬ್ಬರೂ ಬರೀ ಒಂದೂರಿನವರಲ್ಲ. ಅವನ ಮಗಳ ಜ್ಞಾನಸ್ನಾನದಲ್ಲಿ ಕೂಸನ್ನು ತೋಳಲ್ಲಿ ಹಿಡಿದು ನಿಂತವಳು ಇವಳು. ಅಂದಿನಿಂದ ಇವಳು ಅವನಿಗೆ ಕೊಮಾದ್ರೆ, ಅವನು ಇವಳಿಗೆ ಕೊಂಪಾದ್ರೆ. ಅವರ ಕಡೆ ಅದು ಒಡಹುಟ್ಟಿದವರಿಗಿಂತ ದೊಡ್ಡ ನಂಟು. ಚಿಕ್ಕಂದಿನಲ್ಲಿ ಒಟ್ಟಿಗೆ ಕುರಿ ಮೇಯಿಸಿದವರಾದರೂ ಆ ದಿನದಿಂದ ಒಬ್ಬರಿಗೊಬ್ಬರು ಬಹುವಚನ. ಕುಡಿದಿದ್ದರೂ, ಜಗಳವಾಡಿದ್ದರೂ ಅದು ತಪ್ಪುವ ಹಾಗಿಲ್ಲ.

ಟ್ರಕ್ಕಿನಿಂದ ಇಳಿಯುವಷ್ಟರಲ್ಲಿ ಶೆರಿಲ್ ಎದುರಿಗಿದ್ದಳು. ಮೊಣಕಾಲುದ್ದದ ಕೋಟು. ಒಂದು ಕೈಯಲ್ಲಿ ಬಿಸಿ ಕಾಫಿ, ಇನ್ನೊಂದರಲ್ಲಿ ಫೋನು. ಫೋನನ್ನು ನಾಲ್ವರ ಮುಂದೆಯೂ ಹಿಡಿದಳು.

ಮೇಲಿನಿಂದ ತೆಗೆದ ಫೋಟೋ. ಗೋಣಿಯ ಮರೆ, ಹಸಿಂತಾಳ ಕಿತ್ತಳೆ ಬಣ್ಣದ ಟೋಪಿ, ಬಾಗಿದ ಬೆನ್ನು. ಬೆನ್ನಿನ ಕೆಳಗೆ ಬಟ್ಟೆಯಿರಲಿಲ್ಲ.

ವಿಲ್ಮರ್ ಒಂದು ಗಳಿಗೆ ನೋಡಿ ಮುಖ ತಿರುಗಿಸಿದ. ಚೆಮಾ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಹಸಿಂತಾಳ ಕಿವಿ ಕಾದ ಹೆಂಚಾಯಿತು. ಅವಳ ಗಂಡ ಸತ್ತು ಎಷ್ಟೋ ವರ್ಷವಾಗಿತ್ತು. ಅವನು ಕೂಡ ಅವಳನ್ನು ಹಗಲು ಬೆಳಕಲ್ಲಿ ಹಾಗೆ ನೋಡಿರಲಿಲ್ಲ. ಈಗ ಯಾರೋ ಮೇಲೆ ನಿಂತು ತೆಗೆದು, ಎಲ್ಲರಿಗೂ ಕಳಿಸಿದ್ದಾರೆ, ಶೆರಿಲ್ ಕಾಫಿ ಕುಡಿಯುತ್ತ ತೋರಿಸುತ್ತಿದ್ದಾಳೆ.

"ಬಾಡಿಗೆದಾರರು ದೂರು ಕೊಟ್ಟಿದಾರೆ," ಎಂದಳು ಶೆರಿಲ್. "ಇಲ್ಲಿ ಮರ್ಯಾದಸ್ಥ ಹೆಂಗಸರು ಕೆಲಸ ಮಾಡ್ತಾರೆ. ಆ ಜಾಗದ ಮಣ್ಣನ್ನೆಲ್ಲ ತೆಗೆಸಿ ಹೊಸದು ಹಾಕಿಸು, ಎಫ್ರಾಯಿನ್. ಅವಳೇ ತೆಗೀಲಿ. ಬೇರೆ ಯಾರೂ ಕೈ ಹಾಕಬಾರದು."

ಹಸಿಂತಾಗೆ ಇಂಗ್ಲಿಷು ಅರ್ಧಂಬರ್ಧ. ಆದರೆ ಇದು ಪೂರ್ತಿ ಅರ್ಥವಾಯಿತು. ಆದರೂ ಎಫ್ರಾಯಿನ್ ಕಡೆ ತಿರುಗಿದಳು. ಅವನೇನಾದರೂ ಹೇಳುತ್ತಾನೆ ಅಂದುಕೊಂಡಳು. ಡಬ್ಬ ಎತ್ತಿಸಿದ್ದು ಯಾರು ಅಂತ ಒಂದು ಮಾತು ಕೇಳಬಹುದಿತ್ತು ಅವನು.

"ಕೇಳಿಸ್ತಲ್ಲ," ಎಂದ ಎಫ್ರಾಯಿನ್. "ಹೋಗು. ಗುದ್ದಲಿ ತಗೋ. ನೀನು ಮಾಡಿದ್ದನ್ನ ನೀನೇ ತೆಗಿ."

ಹೋಗು ಅಂದ. ನೀನು ಅಂದ. ಚೆಮಾ ತಲೆಯೆತ್ತಿ ಅವನನ್ನೇ ನೋಡಿದ. ಫೋಟೋ ನೋಡಿದಾಗ ಬಾರದ ಕಣ್ಣೀರು ಹಸಿಂತಾಗೆ ಈಗ ಬಂತು. ಅದನ್ನು ತೋಳಿಗೆ ಒರೆಸಿಕೊಂಡು ಗುದ್ದಲಿ ತೆಗೆದುಕೊಂಡಳು.

ಮೂರನೇ ಕಟ್ಟಡದ ಹಿಂದೆ ಅಗೆದಳು. ಕಿಟಕಿಗಳ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ. ಚಳಿಗೆ ನೆಲ ಬಿಗಿದು ಗಟ್ಟಿಯಾಗಿತ್ತು. ಗುದ್ದಲಿ ಹಾಕಿದರೆ ಮೊಣಕೈವರೆಗೆ ಜುಮ್ಮೆನ್ನುತ್ತಿತ್ತು. ಮಣ್ಣನ್ನು ತಳ್ಳುಗಾಡಿಗೆ ತುಂಬಿ ಟ್ರಕ್ಕಿನವರೆಗೆ ತಳ್ಳಿದಳು. ಹೊಸ ಮಣ್ಣು ತುಂಬಿಕೊಂಡು ಬಂದಳು. ಮೇಲೆ ಎಲ್ಲೋ ಯಾರೋ ಕಿಟಕಿಯ ಹತ್ತಿರ ನಿಂತ ಹಾಗನ್ನಿಸಿತು. ಅವಳು ನೋಡಲಿಲ್ಲ.

ಆ ಪೊದೆಯಿಂದ ಮಾರು ದೂರದಲ್ಲಿ ಒಂದು ಹಸಿರು ಕಂಬವಿತ್ತು. ಅದರ ಮೇಲೆ ನಾಯಿಯ ಚಿತ್ರ, ಕೆಳಗೆ ಪ್ಲಾಸ್ಟಿಕ್ ಚೀಲಗಳು, ಒಂದು ಮುಚ್ಚಳದ ಡಬ್ಬಿ. ಕಚೇರಿಯವರು ಕರೆತಂದ ನಾಯಿಗಳ ಶೌಚಕ್ಕೆಂದು ಮಾಡಿಸಿದ ಜಾಗ. ಹಸಿಂತಾ ಅಗೆಯುತ್ತಿದ್ದಾಗ ಒಬ್ಬಾಕೆ ಬಂದಳು. ಅವಳ ಪುಟ್ಟ ನಾಯಿಗೆ ಉಣ್ಣೆಯ ಅಂಗಿ. ಅದು ಪಕ್ಕದ ಪೊದೆಗೆ ಕಾಲೆತ್ತಿತು.

"ಜಾಣ, ಜಾಣ," ಎಂದು ಅದರ ತಲೆ ಸವರಿ ಅವಳು ಒಳಗೆ ಹೋದಳು.

ಹೊಸ ಮಣ್ಣಿನ ಚೀಲ ಹೊತ್ತು ತಂದ ಚೆಮಾ ಅದನ್ನು ನೋಡಿದ. ಯಾರೂ ಕೈ ಹಾಕಬಾರದೆಂದಿದ್ದರೂ ತಂದಿದ್ದ.

"ಆ ಮಣ್ಣೂ ತೆಗೀಬೇಕಾ ಮಗಳೇ?" ಎಂದು ಕೇಳಿದ. "ಅಥವಾ ಅದು ಮರ್ಯಾದಸ್ಥರ ಉಚ್ಚೇನಾ?"

ಹಸಿಂತಾಗೆ ನಗು ಬರಲಿಲ್ಲ. ಅವನಿಗೂ ಬರಲಿಲ್ಲ. ಥೂ, ಎಂದು ಉಗಿದು ಚೀಲ ಇಳಿಸಿ ಹೋದ.

ಆಮೇಲೆ ಕಂಪ್ರೆಸರ್ ಹಚ್ಚಿದರು. ಆ ಕೆಲಸಕ್ಕೆ ಒಂದು ಕ್ರಮವಿದೆ. ಚೆಮಾ ಕಂಪ್ರೆಸರಿನ ಹತ್ತಿರ. ವಿಲ್ಮರ್ ಗೋಡೆಯ ಪೆಟ್ಟಿಗೆಯ ಹತ್ತಿರ, ಒಂದೊಂದೇ ಸಾಲಿನ ವಾಲ್ವ್ ತೆರೆಯಲು. ಹಸಿಂತಾ ಹುಲ್ಲಿನ ಮೇಲೆ, ಸ್ಪ್ರಿಂಕ್ಲರುಗಳ ನಡುವೆ. ಮೊದಲು ನೀರು ರಭಸದಿಂದ ಚಿಮ್ಮುತ್ತದೆ. ಆಮೇಲೆ ಮಂಜಿನಂತೆ ಹಾರುತ್ತದೆ. ಆಮೇಲೆ ಬರೀ ಗಾಳಿ. ಬರೀ ಗಾಳಿ ಬಂದಾಗ ಅವಳು ಕೈ ಎತ್ತಬೇಕು. ಅವಳ ಕೈ ಏಳುವವರೆಗೆ ಮುಂದಿನ ಸಾಲಿಗೆ ಹೋಗುವ ಹಾಗಿಲ್ಲ. ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ, ಕೈಯೇ ಮಾತು.

ಚಿಮ್ಮಿದ ನೀರು ಅವಳ ಪ್ಯಾಂಟಿಗೆ ಬಿತ್ತು. ಬಿದ್ದದ್ದು ತೊಡೆಗೆ ಅಂಟಿ ಕೊರೆಯಿತು. ಸುತ್ತ ಎಲ್ಲ ಕಡೆ ನೀರಿನ ಸದ್ದು. ಕುಡಿಯದಿದ್ದರೂ ಹೊಟ್ಟೆಯಲ್ಲಿ ಇದ್ದದ್ದು ಇದ್ದೇ ಇತ್ತು. ಹಳೆಯ ಉರಿ ಶುರುವಾಯಿತು, ಬೆಂಕಿಕಡ್ಡಿ ಗೀರಿ ಒಳಗಿಟ್ಟ ಹಾಗೆ. ಮೊದಲ ಕಟ್ಟಡ ಮುಗಿಯುವಷ್ಟರಲ್ಲಿ ಅವಳು ತೊಡೆಗೆ ತೊಡೆ ಸೇರಿಸಿ ನಡೆಯುತ್ತಿದ್ದಳು.

ಎಫ್ರಾಯಿನ್ ಹತ್ತಿರ ಹೋದಳು.

"ಕೊಂಪಾದ್ರೆ, ಬಂಕಿಗೆ ಒಂದ್ಸಲ ಬಿಟ್ಟು ಬನ್ನಿ. ತಡೆಯೋಕಾಗ್ತಿಲ್ಲ."

ಅವನು ಎರಡನೇ ಕಟ್ಟಡದ ಕಡೆ ನೋಡಿದ. "ಇವತ್ತಾಗಲ್ಲ. ಕತ್ತಲಾಗೋದ್ರೊಳಗೆ ಮೂರೂ ಮುಗೀಬೇಕು. ಗೊತ್ತಿಲ್ವಾ?"

"ನನಗೆ ರಕ್ತ ಹೋಗುತ್ತೆ, ನಿಮಗೆ ಗೊತ್ತಿಲ್ವಾ?"

"ಬೆಳಿಗ್ಗೆ ಆಗಿದ್ದು ಸಾಕಾಗ್ಲಿಲ್ವಾ? ನನ್ನ ಮಾನಾನೂ ಹರಾಜು ಹಾಕ್ತೀಯಾ?"

ಅವಳು ಮತ್ತೆ ಕೇಳಲಿಲ್ಲ. ನೇರ ಎರಡನೇ ಕಟ್ಟಡದ ಮುಂಬಾಗಿಲಿಗೆ ಹೋದಳು. ಗಾಜಿನ ಬಾಗಿಲು ತಾನೇ ತೆರೆಯಿತು. ಒಳಗಿನ ಬಿಸಿಗಾಳಿ ಮುಖಕ್ಕೆ ಬಡಿಯಿತು. ಮೇಜಿನ ಹಿಂದಿದ್ದ ಹುಡುಗಿ ಅವಳ ಬೂಟು ನೋಡಿದಳು, ಆಮೇಲೆ ಅವಳನ್ನು ನೋಡಿದಳು.

"ಬಾತ್‌ರೂಮ್," ಎಂದಳು ಹಸಿಂತಾ. "ದಯವಿಟ್ಟು."

"ಇಲ್ಲಿ ಸಾರ್ವಜನಿಕರಿಗೆ ಇಲ್ಲ ಮೇಡಂ."

"ನಾನು ಸಾರ್ವಜನಿಕ ಅಲ್ಲ. ಇಲ್ಲಿ ಕೆಲಸ. ಹೂವು. ನಿಮ್ಮ ಬಾಗಿಲಲ್ಲಿರೋ ಹೂವು."

ಹುಡುಗಿ ಫೋನು ಕೈಗೆತ್ತಿಕೊಂಡಳು. ಹಸಿಂತಾ ಹೊರಗೆ ಬಂದಳು. ಅವಳ ಹಿಂದೆ ಬಾಗಿಲು ಸದ್ದಿಲ್ಲದೆ ಮುಚ್ಚಿತು.

ಹೊರಗೆ ಎರಡನೇ ಕಟ್ಟಡದ ಮೊದಲ ಸಾಲು ತೆರೆದಿತ್ತು. ನೀರು ಚಿಮ್ಮಿತು. ಮಂಜಾಯಿತು. ಗಾಳಿಯಾಯಿತು. ಹಸಿಂತಾ ಹುಲ್ಲಿನ ಮೇಲೆ ನಿಂತಿದ್ದಳು. ಕೈ ಎತ್ತಲಿಲ್ಲ.

ಚೆಮಾ ಕಾದ. ವಿಲ್ಮರ್ ಪೆಟ್ಟಿಗೆಯಿಂದ ಇಣುಕಿದ. ಸ್ಪ್ರಿಂಕ್ಲರುಗಳು ಬರೀ ಗಾಳಿ ಉಗುಳುತ್ತಿದ್ದವು. ಹಸಿಂತಾ ನೆಲದಲ್ಲಿದ್ದ ವಾಲ್ವಿನ ಹಸಿರು ಮುಚ್ಚಳದ ಮೇಲೆ ಹೋಗಿ ಕೂತಳು. ಎರಡೂ ಕೈಯನ್ನು ಕಂಕುಳಲ್ಲಿ ಅದುಮಿಕೊಂಡಳು.

ಎಫ್ರಾಯಿನ್ ಓಡಿ ಬಂದ. "ಏನಾಯ್ತು? ಯಾಕೆ ಕೂತೆ?"

"ಕೈ ಏಳಲ್ಲ."

"ತಲೆ ಕೆಟ್ಟಿದ್ಯಾ? ಎದ್ದೇಳು!"

"ಏಳಲ್ಲ ಅಂದ್ನಲ್ಲ."

"ವಿಲ್ಮರ್!" ಎಂದು ಕೂಗಿದ ಎಫ್ರಾಯಿನ್. "ಇವಳ ಜಾಗಕ್ಕೆ ನೀನು ಬಾ. ಪೆಟ್ಟಿಗೆ ನಾನು ನೋಡ್ಕೋತೀನಿ."

ವಿಲ್ಮರ್ ಬಂದ. ಬಂದು ನಿಂತ. ಹಸಿಂತಾಳ ಒದ್ದೆ ಪ್ಯಾಂಟು ನೋಡಿದ. ಬೆಳಿಗ್ಗೆ ಆ ಫೋನಿನಲ್ಲಿ ಕಂಡದ್ದು ಅವನ ಕಣ್ಣಿಂದ ಹೋಗಿರಲಿಲ್ಲ. ತಾನು ದಿನಾ ಬೇಲಿಯ ಹಿಂದೆ ನಿಲ್ಲುತ್ತಿದ್ದುದು ಅವನಿಗೆ ನೆನಪಾಗಿರಬೇಕು. ಅವನು ಅವಳ ಪಕ್ಕ ಹುಲ್ಲಿನ ಮೇಲೆ ಕುಕ್ಕರಿಸಿದ. "ನಂದೂ ಏಳಲ್ಲ ಮೇಸ್ತ್ರಿ," ಎಂದ.

ಅಷ್ಟರಲ್ಲಿ ಕಂಪ್ರೆಸರ್ ನಿಂತಿತು. ಚೆಮಾ ಅದರ ಗುಂಡಿ ಒತ್ತಿದ್ದ. ಬೆಳಗಿನಿಂದ ಕಿವಿ ಕೊರೆಯುತ್ತಿದ್ದ ಸದ್ದು ನಿಂತದ್ದೇ ತಡ, ಹೆದ್ದಾರಿಯ ಕಾರುಗಳ ಸದ್ದು ಕೇಳತೊಡಗಿತು. ಸಂಜೆಯ ದೀಪ ಹತ್ತಿದ್ದ ಮಹಡಿಗಳ ಕಿಟಕಿಗಳಲ್ಲಿ ಒಂದೊಂದಾಗಿ ಮುಖಗಳು ಕಂಡವು. ಈ ಸಲ ಹಸಿಂತಾ ತಲೆಯೆತ್ತಿ ನೋಡಿದಳು.

ಶೆರಿಲ್ ಬಂದಳು. ಕಾಫಿ ಇರಲಿಲ್ಲ.

"ಯಾಕೆ ನಿಲ್ಲಿಸಿದ್ರಿ? ರಾತ್ರಿಗೆ ಚಳಿ ಬೀಳುತ್ತೆ. ಇನ್ನೂ ಎರಡು ಕಟ್ಟಡ ಬಾಕಿ ಇದೆ!"

"ಅವಳಿಗೆ ಹುಷಾರಿಲ್ಲ," ಎಂದ ಎಫ್ರಾಯಿನ್. "ಈಗ ಏಳ್ತಾಳೆ. ಐದೇ ನಿಮಿಷ ಮೇಡಂ."

"ಹುಷಾರಿದೀನಿ," ಎಂದಳು ಹಸಿಂತಾ. ಇಂಗ್ಲಿಷಿನಲ್ಲೇ ಅಂದಳು. ಪದಗಳನ್ನು ಒಂದೊಂದಾಗಿ ಹೆಕ್ಕಿಕೊಂಡಳು. "ನೀವು ಪೈಪು ನೋಡ್ತೀರಿ. ಒಳಗೆ ನೀರು ನಿಂತ್ರೆ ಒಡೆಯುತ್ತೆ ಅಂತೀರಿ. ಯಂತ್ರ ತರ್ತೀರಿ, ನಾಲ್ಕು ಜನ ತರ್ತೀರಿ, ಖಾಲಿ ಮಾಡಿಸ್ತೀರಿ. ನಾನು ಬೆಳಿಗ್ಗೆಯಿಂದ ಹಿಡ್ಕೊಂಡಿದೀನಿ. ನಾನು ಒಡೆದ್ರೆ?"

ಶೆರಿಲ್ ಸುತ್ತ ನೋಡಿ, ದನಿ ತಗ್ಗಿಸಿದಳು. "ಸರಿ. ಹಿಂಬಾಗಿಲ ಹತ್ತಿರ ಕಸಗುಡಿಸೋರದ್ದು ಒಂದಿದೆ. ಕೀ ಕೊಡ್ತೀನಿ. ಇವತ್ತೊಂದಿನ ಮಾತ್ರ. ಅವಳೊಬ್ಬಳೇ. ಬೂಟು ಹೊರಗೆ ಬಿಡ್ಬೇಕು."

ಹಸಿಂತಾಗೆ ಹೋಗಿಬಿಡುವ ಆಸೆಯಾಯಿತು. ಸುಳ್ಳೇಕೆ, ಓಡಿಹೋಗಿಬಿಡುವ ಆಸೆಯಾಯಿತು. ಕಣ್ಣು ಕತ್ತಲಿಡುತ್ತಿತ್ತು. ಇವತ್ತೊಂದು ದಿನ ಕಳೆದರೆ ಸಾಕು ಅನ್ನಿಸಿತು. ಆಮೇಲೆ ನಾಳೆ ನೆನಪಾಯಿತು. ನಾಳೆಯ ಕಾಫಿ, ನಾಳೆಯ ಒಣ ತುಟಿ. ಕಿಟಕಿಯವರ ಫೋನು.

"ಇಲ್ಲ," ಎಂದಳು. "ಎಲ್ಲರಿಗೂ ಬೇಕು. ದಿನಾ ಬೇಕು. ಹಿಮ ತೆಗೆಯೋಕೆ ಬಂದಾಗಲೂ ಬೇಕು. ಮುಂದಿನ ಬಾಗಿಲಲ್ಲಿ ಬರ್ತೀವಿ. ಬೂಟು ಹಾಕ್ಕೊಂಡೇ ಬರ್ತೀವಿ."

"ಬೇರೆ ಕಂಪನಿಯವರನ್ನ ಕರೆಸ್ತೀನಿ."

"ಕರೆಸಿ," ಎಂದ ಚೆಮಾ ಸ್ಪ್ಯಾನಿಷ್‌ನಲ್ಲಿ. ಅವನಿಗೆ ಇಂಗ್ಲಿಷ್ ಬಾರದಿದ್ದರೂ ದನಿ ಅರ್ಥವಾಗಿತ್ತು. "ಇವತ್ತು ಈ ಊರಲ್ಲಿ ಒಂದು ಕಂಪ್ರೆಸರ್ ಖಾಲಿ ಸಿಕ್ಕಿದ್ರೆ ನನ್ನ ಮೀಸೆ ಬೋಳಿಸ್ಕೋತೀನಿ."

ಶೆರಿಲ್ ಫೋನು ತೆಗೆದಳು. ಒಂದು ಕಡೆ ಮಾತಾಡಿದಳು. ಇನ್ನೊಂದು ಕಡೆ ಮಾತಾಡಿದಳು. ಮೂರನೆಯದಕ್ಕೆ ಗುಂಡಿ ಒತ್ತಿ ಕಾಯುತ್ತ ಆಕಾಶ ನೋಡಿದಳು. ಸೂರ್ಯ ಮೂರನೇ ಕಟ್ಟಡದ ಹಿಂದಕ್ಕೆ ಜಾರಿದ್ದ. ಹುಲ್ಲಿನ ಮೇಲೆ ಆಗಲೇ ನೆರಳು. ಯಾರೂ ಸಿಗಲಿಲ್ಲವೆಂದು ಅವಳ ಮುಖವೇ ಹೇಳಿತು. ಫೋನನ್ನು ಕೋಟಿನ ಜೇಬಿಗೆ ತುರುಕಿದಳು. ಕೊನೆಯ ಆಯುಧ ತೆಗೆದಳು. ಆ ದೇಶದಲ್ಲಿ ಇಂಥವರ ಮೇಲೆ ಎಲ್ಲರೂ ಕೊನೆಗೆ ತೆಗೆಯುವುದು ಅದನ್ನೇ.

"ಸರಿ ಹಾಗಾದ್ರೆ. ನಿಮ್ಮ ಕಂಪನಿ ಯಜಮಾನರಿಗೆ ಹೇಳ್ತೀನಿ. ಎಲ್ಲರ ವಲಸೆ ಕಾಗದಪತ್ರ ಇನ್ನೊಂದ್ಸಲ ಸರಿಯಾಗಿ ನೋಡ್ಲಿ. ಒಬ್ಬೊಬ್ಬರದ್ದೂ. ನಿಂದೂ ಸೇರಿಸಿ, ಎಫ್ರಾಯಿನ್."

ವಿಲ್ಮರನ ಮುಖದ ಬಣ್ಣ ಇಳಿಯಿತು. ಹಸಿಂತಾಳ ಕಣ್ಣ ಮುಂದೆ ಮಗಳ ಮುಖ ಬಂತು. ಈಗ ಏಳಬೇಕು, ಎದ್ದು ಕೈ ಎತ್ತಬೇಕು, ಬದುಕಿಕೊಳ್ಳಬೇಕು. ಮೊಣಕಾಲ ಮೇಲೆ ಕೈಯೂರಿದಳು. ಏಳಲಿಲ್ಲ. ಎದ್ದರೆ ಇನ್ನೆಂದೂ ಕೂರಲಾಗುವುದಿಲ್ಲ ಅನ್ನಿಸಿತು.

ಎಫ್ರಾಯಿನ್ ನಿಂತಲ್ಲೇ ನಿಂತಿದ್ದ. ಅವನ ಎದೆಯ ಮೇಲೆ ಕಂಪನಿಯ ಹೆಸರು ಹೊಲಿದ ಜಾಕೀಟಿತ್ತು. ಉಳಿದವರಿಗಿರಲಿಲ್ಲ. ಆ ಜಾಕೀಟು ತನ್ನನ್ನು ಬೇರೆ ಮಾಡಿದೆಯೆಂದು ಅವನು ತಿಳಿದಿದ್ದ. ಪ್ರತಿ ಕ್ರಿಸ್‌ಮಸ್ಸಿಗೂ ಹೆಂಡತಿಯ ಕೈಲಿ ಬಾಳೆಯೆಲೆಯಲ್ಲಿ ಕಟ್ಟಿ ಬೇಯಿಸಿದ ತಮಾಲ್ ಮಾಡಿಸಿ, ಹಿಂಬಾಗಿಲಲ್ಲಿ ನಿಂತು ಶೆರಿಲ್‌ಗೆ ಕೊಡುತ್ತಿದ್ದ. ಅವಳು ಪ್ರತಿ ಸಲ, ಎಷ್ಟು ರುಚಿ ಎಫ್ರಾಯಿನ್, ನಿನ್ನಂಥವರೇ ನಮಗೆ ಬೇಕು, ಅನ್ನುತ್ತಿದ್ದಳು.

"ತಮಾಲ್ ತಿನ್ನುವಾಗ ಕಾಗದ ಕೇಳ್ಲಿಲ್ಲ," ಎಂದ ಅವನು. ಸ್ಪ್ಯಾನಿಷ್‌ನಲ್ಲಿ, ತನಗೆ ತಾನೇ ಎಂಬಂತೆ. ಆಮೇಲೆ ಕಂಪ್ರೆಸರಿನ ಹತ್ತಿರ ಹೋದ. ಕಟ್ಟಡಕ್ಕೆ ಸಿಕ್ಕಿಸಿದ್ದ ದಪ್ಪ ಕೊಳವೆಯ ಕೊಂಡಿ ತಿರುಗಿಸಿ ಕಿತ್ತ. ಉಳಿದ ಗಾಳಿ ಸುಯ್ಯೆಂದು ಹೊರಬಿತ್ತು. ಕೊಳವೆಯನ್ನು ಸುತ್ತತೊಡಗಿದ.

"ಏನ್ ಮಾಡ್ತಿದೀಯ?" ಎಂದಳು ಶೆರಿಲ್.

"ಮನೆಗೆ ಹೊರಟ್ವಿ ಮೇಡಂ. ಕಾಗದ ತರಬೇಕಲ್ಲ."

ಕೊಳವೆ ಸುರುಳಿಯಾಯಿತು. ಶೆರಿಲ್ ಅದನ್ನೇ ನೋಡುತ್ತಿದ್ದಳು. ಗೋಡೆಯೊಳಗಿನ ಹಿತ್ತಾಳೆಯ ವಾಲ್ವೂ, ತನ್ನ ಕುರ್ಚಿಯಲ್ಲಿ ಮೊದಲು ಕೂತಿದ್ದವನೂ ಅವಳಿಗೆ ನೆನಪಾದರೋ ಏನೋ. ಚೆಮಾ ಸುರುಳಿಯನ್ನು ಟ್ರಕ್ಕಿಗೆ ಎತ್ತಿ ಹಾಕುವಷ್ಟರಲ್ಲಿ ಅವಳು, "ನಿಲ್ಲಿ," ಎಂದಳು.

ಯಾರೂ ನಿಲ್ಲಲಿಲ್ಲ.

"ನಿಲ್ಲಿ ಅಂದೆ! ಸರಿ. ಮುಂದಿನ ಬಾಗಿಲು. ಎಲ್ಲರೂ. ದಿನಾ."

"ಆ ಫೋಟೋ," ಎಂದಳು ಹಸಿಂತಾ.

ಶೆರಿಲ್ ಅವಳನ್ನು ನೋಡಿದಳು.

"ಅಳಿಸಿ. ನನ್ನ ಕಣ್ಣ ಮುಂದೆ. ಕಳಿಸಿದವರಿಗೂ ಅಳಿಸೋಕೆ ಹೇಳಿ. ಇಲ್ಲಿ ಮರ್ಯಾದಸ್ಥ ಹೆಂಗಸರು ಕೆಲಸ ಮಾಡ್ತಾರೆ."

ಶೆರಿಲ್‌ಳ ಬೆರಳು ಚಳಿಗೋ ಸಿಟ್ಟಿಗೋ ಎರಡು ಸಲ ತಪ್ಪಿ ಮೂರನೇ ಸಲಕ್ಕೆ ಅಳಿಸಿತು. ಹಸಿಂತಾ ಎದ್ದಳು. ಎದ್ದವಳಿಗೆ ತಲೆ ತಿರುಗಿತು. ಎಫ್ರಾಯಿನ್ ಕೈ ಚಾಚಿದ. ಅವಳು ಹಿಡಿಯಲಿಲ್ಲ.

"ಕೊಮಾದ್ರೆ," ಎಂದ ಅವನು, ನೆಲ ನೋಡುತ್ತ. "ಮೊದಲು ನೀವು ಹೋಗಿ."

ನೀವು ಅಂದ. ಅವಳು ಅವನನ್ನು ನೋಡಿದಳು. ಕ್ಷಮಿಸುವ ಮಾತು ಬಾಯಿಗೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ತಲೆಯಾಡಿಸಿ ಮುಂದೆ ನಡೆದಳು.

ಗಾಜಿನ ಬಾಗಿಲು ತೆರೆಯಿತು. ಬಿಳಿ ಕಲ್ಲಿನ ನೆಲದ ಮೇಲೆ ಅವಳ ಬೂಟಿನ ಕೆಸರು ಅಚ್ಚೊತ್ತಿತು. ಅದು ಹೊಸ ಮಣ್ಣಿನ ಕೆಸರು, ಅವಳೇ ತುಂಬಿದ್ದು. ಮೇಜಿನ ಹಿಂದಿನ ಹುಡುಗಿ ಫೋನು ಎತ್ತಲಿಲ್ಲ. ಕೈ ತೋರಿಸಿದಳು. ಹಿಂದೆಯೇ ಚೆಮಾ, ವಿಲ್ಮರ್, ಎಫ್ರಾಯಿನ್. ಕೊನೆಯಲ್ಲಿ ಶೆರಿಲ್.

ಒಳಗೆ ಬೆಚ್ಚಗಿತ್ತು. ಹಸಿಂತಾ ಚಿಲಕ ಹಾಕಿದಳು. ಅದು ಟಕ್ಕೆಂದಿತು. ಕೂತಳು.

ಬರಲಿಲ್ಲ.

ಮೈ ಬಿಡಲಿಲ್ಲ. ಇಷ್ಟು ದಿನ ಹಿಡಿ, ಹಿಡಿ, ಎಂದು ಕಲಿಸಿದ್ದಳಲ್ಲ, ಈಗ ಬಿಡು ಎಂದರೆ ಅದಕ್ಕೆ ತಿಳಿಯಲಿಲ್ಲ. ಉರಿ ಮಾತ್ರ ಇತ್ತು. ಅವಳು ಹಲ್ಲು ಕಚ್ಚಿ ಮುಂದಕ್ಕೆ ಬಾಗಿದಳು. ಆಮೇಲೆ ಅಳು ಬಂತು. ಯಾರಿಗೂ ಕೇಳಿಸದ ಹಾಗೆ ಅಳುವುದು ಅವಳಿಗೆ ಗೊತ್ತಿತ್ತು. ಇವತ್ತು ಕೇಳಿಸುವ ಹಾಗೆಯೇ ಅತ್ತಳು. ಈ ಕಟ್ಟಡಕ್ಕೆ, ಕಿಟಕಿಗಳಿಗೆ, ಉಣ್ಣೆಯಂಗಿಯ ನಾಯಿಗೆ, ತನ್ನ ಒಣ ತುಟಿಗೆ ಬಾಯಿಗೆ ಬಂದಂತೆ ಬೈದಳು.

ಎದ್ದು ನಲ್ಲಿ ತಿರುಗಿಸಿದಳು. 

ಬೊಗಸೆಯೊಡ್ಡಿ ಕುಡಿದಳು. ಮತ್ತೆ ಕುಡಿದಳು. ನೀರು ಗದ್ದದಿಂದ ಕುತ್ತಿಗೆಗೆ, ಅಂಗಿಯೊಳಗೆ ಇಳಿಯಿತು. ಡಾಕ್ಟರಮ್ಮ ಹೇಳಿದಷ್ಟೂ ಕುಡಿದಳು, ಇಷ್ಟು ದಿನ ಕುಡಿಯದೆ ಬಿಟ್ಟದ್ದನ್ನೂ ಸೇರಿಸಿ ಕುಡಿದಳು. ನಲ್ಲಿಯನ್ನು ಹಾಗೇ ಬಿಟ್ಟು, ಅದರ ಸದ್ದು ಕೇಳುತ್ತ ವಾಪಸ್ಸು ಬಂದು ಕೂತಳು. ನಾಳೆ ಯಜಮಾನ ಎಲ್ಲರನ್ನೂ ಓಡಿಸಬಹುದು. ಶೆರಿಲ್ ಮಾತಿಗೆ ತಪ್ಪಬಹುದು, ತಪ್ಪಿಯೇ ತಪ್ಪುತ್ತಾಳೆ. ಅದು ನಾಳೆಯ ಮಾತು.

ಹೊರಗಿನಿಂದ ಬಾಗಿಲು ಬಡಿದರು.

"ಇನ್ನೂ ಎಷ್ಟೊತ್ತು?" ಶೆರಿಲ್‌ಳ ದನಿ. "ಕತ್ತಲಾಗ್ತಾ ಇದೆ! ಪೈಪುಗಳಲ್ಲಿ ನೀರಿದೆ!"

"ಕಾಯಲಿ," ಎಂದಳು ಹಸಿಂತಾ.

ಮತ್ತೆ ಬಡಿದರು. ಅವಳು ಕಣ್ಣು ಮುಚ್ಚಿ, ಗೋಡೆಗೆ ಒರಗಿ, ಕಾಲು ಚಾಚಿ ಕೂತಳು. ಅವಳಿಗೆ ಯಾವ ಅವಸರವೂ ಇರಲಿಲ್ಲ.